441, 531, 432: ಜಗ್ಲಿಂಗ್‌ನ ಅಂಕಿಗಳು ಏನು ಹೇಳುತ್ತವೆ, ಏನು ಬಿಡುತ್ತವೆ?

ಪ್ರಶ್ನೆ: ನಾನು ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೇನೆ. ವಿಡಿಯೊ ನೋಡಿ ಮೂರು ಚೆಂಡಿನ ಜಗ್ಲಿಂಗ್ ಕಲಿತೆ. ಈಗ ಮುಂದಿನದನ್ನು ಹುಡುಕಿದರೆ ವಿಡಿಯೊಗಳ ಹೆಸರೆಲ್ಲ 441, 531, 423 ಅಂತ ಬರೀ ಅಂಕಿಗಳು. ಅವುಗಳ ಸರಾಸರಿಯೇ ಚೆಂಡುಗಳ ಸಂಖ್ಯೆ ಅಂತ ಓದಿ, ನಾನೇ 432 ಅಂತ ಒಂದು ಬರೆದುಕೊಂಡೆ. ಸರಾಸರಿ ಸರಿಯಾಗಿ 3 ಬರುತ್ತದೆ. ಆದರೆ ಎಷ್ಟು ಎಸೆದರೂ ಚೆಂಡುಗಳು ಡಿಕ್ಕಿ ಹೊಡೆಯುತ್ತವೆ. ತಪ್ಪು ನನ್ನದಾ, ಅಂಕಿಯದಾ? ತೋಳು ಹೆಣೆದು ಆಡುವ ಮಿಲ್ಸ್ ಮೆಸ್‌ಗೆ ಯಾಕೆ ಬೇರೆ ಅಂಕಿ ಇಲ್ಲ? ಎಲ್ಲ ವಿನ್ಯಾಸಗಳನ್ನೂ ಹೀಗೆ ವಿಂಗಡಿಸಿ ಇಟ್ಟಿದ್ದಾರಾ? ಐದು ಚೆಂಡಿಗೆ ಹೋಗಲು ಈ ಅಂಕಿಗಳಿಂದ ಏನಾದರೂ ಉಪಯೋಗ ಇದೆಯಾ?

ಉತ್ತರ:

ತಪ್ಪು ಅಂಕಿಯದು, ನಿಮ್ಮದಲ್ಲ. 432 ಅನ್ನು ಜಗತ್ತಿನ ಯಾವ ಜಗ್ಲರ್ ಕೂಡ ಮಾಡಲಾರರು. ಯಾಕೆ ಅಂತ ನೋಡುವ ಮೊದಲು ಈ ಅಂಕಿಗಳು ಏನನ್ನು ಅಳೆಯುತ್ತವೆ ಅಂತ ಸರಿಯಾಗಿ ಹಿಡಿಯಬೇಕು. ತುಂಬಾ ಜನ ಇವನ್ನು ಎತ್ತರ ಅಂದುಕೊಳ್ಳುತ್ತಾರೆ. ಎತ್ತರ ಅಲ್ಲ, ಸಮಯ.

ಈ ಬರವಣಿಗೆಗೆ ಸೈಟ್‌ಸ್ವಾಪ್ ಅನ್ನುತ್ತಾರೆ. ಎರಡು ಕೈಗಳು ಬಲ, ಎಡ, ಬಲ, ಎಡ ಅಂತ ಸಮ ಅಂತರದಲ್ಲಿ ಎಸೆಯುತ್ತಿವೆ ಅಂದುಕೊಳ್ಳಿ. ಒಂದೊಂದು ಸರದಿಯೂ ಒಂದು ಬೀಟ್. ಈಗ ಎಸೆದ ಚೆಂಡನ್ನು ಎಷ್ಟು ಬೀಟ್ ಆದ ಮೇಲೆ ಮತ್ತೆ ಎಸೆಯುತ್ತೀರಿ? ಅದೇ ಆ ಎಸೆತದ ಅಂಕಿ. ಅಷ್ಟೇ ನಿಯಮ. ಉಳಿದದ್ದೆಲ್ಲ ಇದರಿಂದಲೇ ಬರುತ್ತದೆ.

ನೀವು ಕಲಿತಿರುವ ಮೂರು ಚೆಂಡಿನ ಮೂಲ ಆಟಕ್ಕೆ, ಚೆಂಡುಗಳು ಸರದಿಯಂತೆ ಒಂದು ಕೈಯಿಂದ ಇನ್ನೊಂದಕ್ಕೆ ದಾಟುವುದಕ್ಕೆ, ಕ್ಯಾಸ್ಕೇಡ್ ಅಂತ ಹೆಸರು. ಅದರಲ್ಲಿ ಪ್ರತಿ ಚೆಂಡೂ 3 ಬೀಟ್ ಆದ ಮೇಲೆ ಮತ್ತೆ ಹಾರುತ್ತದೆ. ಹಾಗಾಗಿ ಅದು 333, ಚಿಕ್ಕದಾಗಿ ಬರೀ 3. ಕೈಗಳು ಸರದಿಯ ಮೇಲೆ ಬರುವುದರಿಂದ ಬೆಸ ಅಂಕಿಯ ಎಸೆತ ಇನ್ನೊಂದು ಕೈಗೆ ಹೋಗುತ್ತದೆ, ಸಮ ಅಂಕಿಯದು ಅದೇ ಕೈಗೆ ವಾಪಸ್ ಬರುತ್ತದೆ. ನಾಲ್ಕು ಚೆಂಡಿಗೆ ಕ್ಯಾಸ್ಕೇಡ್ ಯಾಕೆ ಇಲ್ಲ ಅಂತ ಎಲ್ಲ ಹೊಸಬರೂ ಕೇಳುತ್ತಾರೆ. ಉತ್ತರ ಇಲ್ಲೇ ಇದೆ. 4 ಸಮ ಅಂಕಿ. ಎಲ್ಲ ಎಸೆತವೂ 4 ಆದರೆ ಎರಡು ಚೆಂಡು ಬಲಗೈಯಲ್ಲೇ ಸುತ್ತುತ್ತವೆ, ಇನ್ನೆರಡು ಎಡಗೈಯಲ್ಲೇ. ಅದಕ್ಕೆ ಫೌಂಟನ್ ಅಂತ ಹೆಸರು.

ಚಿಕ್ಕ ಅಂಕಿಗಳ ಕಥೆ ಬೇರೆ. 0 ಅಂದರೆ ಆ ಸರದಿಯಲ್ಲಿ ಕೈ ಖಾಲಿ. 1 ಅಂದರೆ ಈ ಕೈಯಿಂದ ಆ ಕೈಗೆ ನೇರವಾಗಿ ದಾಟಿಸುವುದು. 2 ಅಂದರೆ ಲೆಕ್ಕದ ಪ್ರಕಾರ ಸಣ್ಣ ಎಸೆತ, ಆದರೆ ಸಾಮಾನ್ಯವಾಗಿ ಯಾರೂ ಎಸೆಯುವುದಿಲ್ಲ. ಸುಮ್ನೆ ಹಿಡಿದುಕೊಂಡಿರುತ್ತಾರೆ.

ಈಗ 432ಕ್ಕೆ ಬನ್ನಿ. ಒಂದು ಎಸೆತ ಅಂದರೆ ಮುಂದೆ ಬರುವ ಒಂದು ಬೀಟ್ ಅನ್ನು ಈಗಲೇ ಕಾಯ್ದಿರಿಸುವುದು, ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುವ ಹಾಗೆ. ಮೊದಲ ಬೀಟ್‌ನಲ್ಲಿ 4 ಎಸೆದಿರಿ. ಅದು 5ನೇ ಬೀಟ್‌ನ ಸೀಟು ಹಿಡಿಯಿತು. ಎರಡನೇ ಬೀಟ್‌ನಲ್ಲಿ 3 ಎಸೆದಿರಿ. ಅದೂ 5ಕ್ಕೇ. ಮೂರನೇ ಬೀಟ್‌ನಲ್ಲಿ 2. ಮತ್ತೆ 5! ಮೂರೂ ಟವೆಲ್ ಒಂದೇ ಸೀಟಿನ ಮೇಲೆ. 5ನೇ ಬೀಟ್ ಬಲಗೈಯದು. ಒಂದು ಚೆಂಡು ಅಲ್ಲಿ ಮೊದಲೇ ಕೂತಿದೆ, ಇನ್ನೆರಡು ಅದೇ ಹೊತ್ತಿಗೆ ಬಂದು ಬೀಳುತ್ತವೆ. ನೀವು ನೋಡಿದ ಡಿಕ್ಕಿ ಇದೇ.

ಅದೇ ಅಂಕಿಗಳನ್ನು 423 ಅಂತ ಬರೆಯಿರಿ. 1ಕ್ಕೆ 4 ಸೇರಿಸಿದರೆ 5, 2ಕ್ಕೆ 2 ಸೇರಿಸಿದರೆ 4, 3ಕ್ಕೆ 3 ಸೇರಿಸಿದರೆ 6. ಮೂರಕ್ಕೂ ಬೇರೆ ಬೇರೆ ಸೀಟು. ಆದರೆ ವಿನ್ಯಾಸ ಪುನರಾವರ್ತನೆ ಆಗುತ್ತಾ ಹೋಗುವುದರಿಂದ ಈ ಸುತ್ತು ಮಾತ್ರ ನೋಡಿದರೆ ಸಾಲದು. ಮುಂದಿನ ಸುತ್ತಿನ ಎಸೆತಗಳ ಜೊತೆಯೂ ಜಗಳ ಆಗಬಾರದು. ಅದಕ್ಕೆ ಮೊತ್ತಗಳನ್ನು ವಿನ್ಯಾಸದ ಉದ್ದದಿಂದ, ಇಲ್ಲಿ 3ರಿಂದ, ಭಾಗಿಸಿ ಶೇಷ ನೋಡುತ್ತಾರೆ. 5, 4, 6ರ ಶೇಷ 2, 1, 0. ಎಲ್ಲ ಬೇರೆ, ಹಾಗಾಗಿ 423 ನಡೆಯುತ್ತದೆ. 432ರಲ್ಲಿ ಮೂರರ ಶೇಷವೂ 2. ಪೂರ್ತಿ ಪರೀಕ್ಷೆ ಇಷ್ಟೇ. ಸರಾಸರಿ ಪೂರ್ಣ ಸಂಖ್ಯೆ ಆಗಿರಲೇಬೇಕು, ಆದರೆ ಅಷ್ಟರಿಂದಲೇ ಕೆಲಸ ಆಗುವುದಿಲ್ಲ. ನೀವು ಓದಿದ್ದು ಅರ್ಧ ನಿಯಮ.

ಒಂದು ಸಮಾಧಾನದ ವಿಷಯ ಇದೆ. ಸರಾಸರಿ ಪೂರ್ಣ ಸಂಖ್ಯೆ ಬರುವ ಯಾವುದೇ ಅಂಕಿಗಳ ಗುಂಪನ್ನು ಹೇಗಾದರೂ ಹಿಂದೆಮುಂದೆ ಜೋಡಿಸಿದರೆ ನಡೆಯುವ ಒಂದು ವಿನ್ಯಾಸ ಸಿಕ್ಕೇ ಸಿಗುತ್ತದೆ. ಇದು ಗಣಿತಜ್ಞ ಮಾರ್ಷಲ್ ಹಾಲ್ 1952ರಲ್ಲಿ ಸಾಧಿಸಿದ ಒಂದು ಪ್ರಮೇಯದಿಂದ ಬರುತ್ತದೆ. ಆಗ ಸೈಟ್‌ಸ್ವಾಪ್ ಹುಟ್ಟಿಯೇ ಇರಲಿಲ್ಲ.

ಊಹೆಯಿಂದ ಅಂಕಿ ಬರೆಯುವ ಬದಲು ಇರುವ ವಿನ್ಯಾಸದಿಂದ ಹೊಸದನ್ನು ಹೆರುವುದು ಸುಲಭ. ಪಕ್ಕಪಕ್ಕದ ಎರಡು ಎಸೆತಗಳು ಇಳಿಯುವ ಜಾಗವನ್ನು ಅದಲುಬದಲು ಮಾಡಿ. ಬರವಣಿಗೆಯಲ್ಲಿ ಹೇಳಿದರೆ, ಎರಡು ಅಂಕಿಗಳ ಜಾಗ ಬದಲಿಸಿ, ಮುಂದೆ ಬಂದದ್ದಕ್ಕೆ 1 ಕೂಡಿಸಿ, ಹಿಂದೆ ಹೋದದ್ದರಿಂದ 1 ಕಳೆಯಿರಿ. 333ರಿಂದ ಶುರು ಮಾಡಿ. ಮೊದಲ ಎರಡನ್ನು ಬದಲಿಸಿದರೆ 423. ಅದರ ಕೊನೆಯ ಎರಡನ್ನು ಬದಲಿಸಿದರೆ 441. ಅದರ ಮೊದಲ ಎರಡನ್ನು ಬದಲಿಸಿದರೆ 531. ನೀವು ವಿಡಿಯೊಗಳಲ್ಲಿ ನೋಡಿದ ಮೂರೂ ವಿನ್ಯಾಸ ಮೂರೇ ಹೆಜ್ಜೆಯಲ್ಲಿ ಬಂದವು. ಕಲಿಯುವುದಕ್ಕೂ ಹೆಚ್ಚುಕಡಿಮೆ ಇದೇ ಕ್ರಮ ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ಸೈಟ್‌ಸ್ವಾಪ್ ಬರವಣಿಗೆಯನ್ನು ಯಾರೋ ಒಬ್ಬರು ಕಂಡುಹಿಡಿದದ್ದಲ್ಲ. 1980ರ ದಶಕದ ಮೊದಲ ಅರ್ಧದಲ್ಲಿ ಮೂರು ಕಡೆ ಬೇರೆ ಬೇರೆಯಾಗಿ ಹುಟ್ಟಿತು. ಕ್ಯಾಲಿಫೋರ್ನಿಯಾದ ಸಾಂಟಾ ಕ್ರೂಜ್‌ನಲ್ಲಿ ಪಾಲ್ ಕ್ಲಿಮೆಕ್, ಕ್ಯಾಲ್‌ಟೆಕ್ ವಿಶ್ವವಿದ್ಯಾಲಯದಲ್ಲಿ ಬ್ರೂಸ್ ಟೀಮನ್ ಮತ್ತು ಬೆಂಗ್ಟ್ ಮ್ಯಾಗ್ನುಸನ್, ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಮೈಕ್ ಡೇ, ಕಾಲಿನ್ ರೈಟ್ ಮತ್ತು ಆಡಮ್ ಚಾಲ್‌ಕ್ರಾಫ್ಟ್. ಅಲ್ಲಿಯವರೆಗೆ ವಿನ್ಯಾಸವನ್ನು ಹೇಳಲು ಹೆಸರು, ಚಿತ್ರ, ಹೊಗಳಿಕೆ ಇಷ್ಟೇ ಇದ್ದವು. ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಭಾರತದ ಜಗ್ಲರ್‌ಗಳು ಲಂಡನ್ನಿನಲ್ಲಿ ದೊಡ್ಡ ಸುದ್ದಿ ಮಾಡಿದ್ದರು. ಅಂಥ ಒಬ್ಬರು ನಾಲ್ಕು ಹಿತ್ತಾಳೆ ಚೆಂಡುಗಳನ್ನು ಆಡಿಸುವುದನ್ನು ನೋಡಿ ವಿಲಿಯಂ ಹ್ಯಾಜ್ಲಿಟ್ ಎಂಬ ಇಂಗ್ಲಿಷ್ ಲೇಖಕ ಉದ್ದದ ಪ್ರಬಂಧವನ್ನೇ ಬರೆದ. ಮೆಚ್ಚುಗೆ ಬೇಕಾದಷ್ಟಿದೆ. ಆದರೆ ಆ ನಮ್ಮವನು ಎಸೆದದ್ದು 4 ಎಂಬ ಫೌಂಟನ್ನೋ, ಚೆಂಡುಗಳು ಒಂದೇ ದಿಕ್ಕಿನಲ್ಲಿ ಸುತ್ತುವ 71 ಎಂಬ ಶವರ್ರೋ, ಒಂದು ಕೈ ಎತ್ತರಕ್ಕೂ ಇನ್ನೊಂದು ತಗ್ಗಾಗಿಯೂ ಎಸೆಯುವ 53ರ ಅರ್ಧ ಶವರ್ರೋ? ಖಚಿತವಾಗಿ ಹೇಳಲು ಬರುವುದಿಲ್ಲ. ಎರಡು ಅಂಕಿ ಸಾಕಿತ್ತು, ಅಲ್ವಾ?

ಬರವಣಿಗೆ ಬಂದ ಮೇಲೆ ಎಣಿಸುವುದೂ ಸಾಧ್ಯವಾಯಿತು. ಜೋ ಬುಲರ್, ಡೇವಿಡ್ ಐಸೆನ್‌ಬಡ್, ರೊನಾಲ್ಡ್ ಗ್ರಹಾಂ, ಕಾಲಿನ್ ರೈಟ್ ನಾಲ್ವರೂ 1994ರಲ್ಲಿ ಒಂದು ಚೆಂದದ ಫಲಿತಾಂಶ ಪ್ರಕಟಿಸಿದರು. (ಈ ಗ್ರಹಾಂ ದೊಡ್ಡ ಗಣಿತಜ್ಞ. ಅಮೆರಿಕದ ಗಣಿತ ಸಂಘಕ್ಕೂ ಅಂತಾರಾಷ್ಟ್ರೀಯ ಜಗ್ಲರ್‌ಗಳ ಸಂಘಕ್ಕೂ ಬೇರೆ ಬೇರೆ ಕಾಲದಲ್ಲಿ ಅಧ್ಯಕ್ಷರಾಗಿದ್ದವರು.) ಮೂರು ಚೆಂಡು, ಮೂರು ಅಂಕಿ ಉದ್ದದ ವಿನ್ಯಾಸ ಎಷ್ಟು ಅಂತ ಕೇಳಿದರೆ, ಚೆಂಡಿಗಿಂತ ಒಂದು ಜಾಸ್ತಿ ಸಂಖ್ಯೆ ತೆಗೆದುಕೊಂಡು ಮೂರು ಸಲ ಗುಣಿಸಿ: 4×4×4, ಅಂದರೆ 64. ಚೆಂಡಿನ ಸಂಖ್ಯೆಯನ್ನೇ ಮೂರು ಸಲ ಗುಣಿಸಿ: 27. ಕಳೆದರೆ 37. ಇದರಲ್ಲಿ 441, 414, 144 ಮೂರನ್ನೂ ಬೇರೆ ಬೇರೆ ಎಣಿಸಿದೆ. ಆಡುವವರಿಗೆ ಮೂರೂ ಒಂದೇ, ಶುರು ಮಾಡುವ ಜಾಗ ಮಾತ್ರ ಬೇರೆ. ಹಾಗೆ ಗುಂಪು ಮಾಡಿದರೆ 13 ಉಳಿಯುತ್ತವೆ: 333, 423, 441, 531, 522, 504, 630, 603, 612, 711, 720, 801, 900. ಬೇಕಿದ್ದರೆ ಶೇಷದ ಪರೀಕ್ಷೆ ಹಾಕಿ ನೋಡಿ, ಒಂದು ಸಂಜೆ ಒಳ್ಳೆಯ ಕಾಲಕ್ಷೇಪ. ಈ ಪಟ್ಟಿಯಲ್ಲಿ ಮೊದಲ ಐದು ಆಡಲು ಚೆನ್ನಾಗಿವೆ. 900 ಅಂದರೆ ಒಂದೊಂದೇ ಚೆಂಡನ್ನು ಆಕಾಶಕ್ಕೆ ಎಸೆದು ಕಾಯುವುದು. ಲೆಕ್ಕಕ್ಕೆ ಸರಿ, ಆಟಕ್ಕೆ ಬೋರು.

ಇಲ್ಲಿ ಎತ್ತರದ ಮಾತು ಬರುತ್ತದೆ. ಅಂಕಿ ಸಮಯವನ್ನು ಹೇಳಿದರೂ ಸಮಯ ಜಾಸ್ತಿ ಬೇಕಾದರೆ ಚೆಂಡು ಮೇಲೆ ಹೋಗಲೇಬೇಕು. ಎತ್ತರ ಹಾರುವ ಸಮಯದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಒಂದು ಸೆಕೆಂಡಿಗೆ 4 ಬೀಟ್, ಪ್ರತಿ ಚೆಂಡು ಕೈಯಲ್ಲಿ 0.3 ಸೆಕೆಂಡು ಇರುತ್ತದೆ ಅಂತ ಇಟ್ಟುಕೊಳ್ಳಿ. 3ಕ್ಕೆ ಮುಕ್ಕಾಲು ಸೆಕೆಂಡು. ಅದರಲ್ಲಿ ಗಾಳಿಯಲ್ಲಿ 0.45. ಎತ್ತರ ಸುಮಾರು 25 ಸೆಂಟಿಮೀಟರ್. 4ಕ್ಕೆ 60 ಸೆಂಟಿಮೀಟರ್. 5ಕ್ಕೆ 1.1 ಮೀಟರ್. 7ಕ್ಕೆ 2.6 ಮೀಟರ್, ಕೈಯಿಂದ ಮೇಲಕ್ಕೆ. ಮನೆಯ ಸೂರು ಅಲ್ಲಿಗೆ ಮುಗಿಯಿತು. 9ಕ್ಕೆ 4.7 ಮೀಟರ್. ಇದೇ ಲೆಕ್ಕದಲ್ಲಿ 2ಕ್ಕೆ ಬರೀ 5 ಸೆಂಟಿಮೀಟರ್. ಅದನ್ನು ಯಾರೂ ಎಸೆಯದೆ ಹಿಡಿದುಕೊಳ್ಳುವುದು ಇದಕ್ಕೇ.

ಕೈಯಲ್ಲಿರುವ ಈ 0.3 ಸೆಕೆಂಡನ್ನು ಸೈಟ್‌ಸ್ವಾಪ್ ಕೇಳುವುದೇ ಇಲ್ಲ. ಅದನ್ನು ಹಿಡಿದದ್ದು ಮಾಹಿತಿ ಸಿದ್ಧಾಂತದ ಕ್ಲಾಡ್ ಶಾನನ್. ಬೆಲ್ ಲ್ಯಾಬ್ಸ್ ಎಂಬ ಸಂಶೋಧನಾಲಯದ ಕಾರಿಡಾರಿನಲ್ಲಿ ಒಂದೇ ಚಕ್ರದ ಸೈಕಲ್ ಮೇಲೆ ಕೂತು ಜಗ್ಲಿಂಗ್ ಮಾಡುತ್ತಿದ್ದವರು. ಚೆಂಡು ಗಾಳಿಯಲ್ಲಿರುವ ಸಮಯಕ್ಕೆ ಕೈಯಲ್ಲಿರುವ ಸಮಯ ಸೇರಿಸಿ, ಕೈಗಳ ಸಂಖ್ಯೆಯಿಂದ ಗುಣಿಸಿ. ಇನ್ನೊಂದು ಕಡೆ ಕೈ ಖಾಲಿ ಇರುವ ಸಮಯಕ್ಕೆ ಚೆಂಡು ಹಿಡಿದಿರುವ ಸಮಯ ಸೇರಿಸಿ, ಚೆಂಡುಗಳ ಸಂಖ್ಯೆಯಿಂದ ಗುಣಿಸಿ. ಎರಡೂ ಒಂದೇ ಇರುತ್ತವೆ ಅನ್ನುವುದು ಶಾನನ್ ಪ್ರಮೇಯ. ಮೇಲಿನ ಕ್ಯಾಸ್ಕೇಡ್‌ಗೆ ಹಾಕಿ: 0.75×2 ಅಂದರೆ 1.5. ಕೈ ಖಾಲಿ 0.2, ತುಂಬಿದ್ದು 0.3, ಒಟ್ಟು 0.5×3, ಅದೂ 1.5.

ಈಗ ವಿಂಗಡಣೆ. ಚೆಂಡಿನ ಸಂಖ್ಯೆ, ಅಂಕಿಗಳ ಉದ್ದ, ಅತಿ ದೊಡ್ಡ ಎಸೆತ, ಇವು ಕಣ್ಣಿಗೆ ಕಾಣುವ ಗುಂಪುಗಳು. ಕ್ಯಾಸ್ಕೇಡ್, ಫೌಂಟನ್, ಶವರ್ ಎಂಬ ಹಳೆಯ ಮೂರು ಕುಲಗಳೂ ಸುಲಭವಾಗಿ ಒಳಗೆ ಕೂರುತ್ತವೆ. ಶವರ್ ಅಂದರೆ ಚೆಂಡುಗಳು ಒಂದೇ ದಿಕ್ಕಿನಲ್ಲಿ ಸುತ್ತುವುದು: ಎರಡಕ್ಕೆ 31, ಮೂರಕ್ಕೆ 51, ನಾಲ್ಕಕ್ಕೆ 71. ನಮ್ಮಲ್ಲಿ ಯಾರ ಕೈಗಾದರೂ ಎರಡು ನಿಂಬೆಹಣ್ಣು ಕೊಟ್ಟರೆ ತಾನಾಗಿ ಬರುವುದು 31. ಮೂರನೆಯದನ್ನು ಸೇರಿಸಿದ ಕೂಡಲೇ ಅದು 51 ಆಗಿ, ಒಂದು ಕೈ ಪ್ರತಿ ಸಲವೂ 5 ಎಸೆಯಬೇಕಾಗುತ್ತದೆ. ಬಹಳ ಜನ ಅಲ್ಲೇ ಕೈಬಿಡುತ್ತಾರೆ. ಪಕ್ಕದಲ್ಲೇ 3 ಎಂಬ ಸುಲಭದ ದಾರಿ ಇದೆ ಅಂತ ಯಾರೂ ಹೇಳಿರುವುದಿಲ್ಲ.

ನನಗೆ ಹೆಚ್ಚು ಇಷ್ಟವಾಗುವ ವಿಂಗಡಣೆ ಬೇರೆ. ಪ್ರತಿ ಚೆಂಡು ಯಾವ ಎಸೆತಗಳನ್ನು ಪಡೆಯುತ್ತದೆ ಅಂತ ಹಿಂಬಾಲಿಸಿ. 441ರಲ್ಲಿ ಮೂರೂ ಚೆಂಡು 4, 4, 1 ಎಲ್ಲವನ್ನೂ ಸರದಿಯಂತೆ ಪಡೆಯುತ್ತವೆ. 531ರಲ್ಲಿ ಹಾಗಲ್ಲ. ಒಂದು ಚೆಂಡು ಯಾವಾಗಲೂ 3 ಮಾತ್ರ. ಉಳಿದೆರಡು 5, 1, 5, 1 ಅಂತ ಹೋಗುತ್ತವೆ. 423ರಲ್ಲೂ ಒಂದು ಚೆಂಡಿಗೆ ಬರೀ 3, ಉಳಿದೆರಡಕ್ಕೆ 4 ಮತ್ತು 2. ಒಂದು ಚೆಂಡಿನ ಬಣ್ಣ ಬೇರೆ ಇರಲಿ. ಎಲ್ಲಿ ತಪ್ಪುತ್ತಿದೆ ಅಂತ ತಕ್ಷಣ ಗೊತ್ತಾಗುತ್ತದೆ.

ಇನ್ನೊಂದು, ಕೆಲಸಕ್ಕೆ ತುಂಬಾ ಬರುವಂಥದ್ದು: ಕ್ಯಾಸ್ಕೇಡ್ ಆಡುತ್ತಾ ನೇರವಾಗಿ ನುಗ್ಗಬಹುದಾದ ವಿನ್ಯಾಸಗಳು ಮತ್ತು ನುಗ್ಗಲಾಗದವು. ಯಾವುದೇ ಕ್ಷಣದಲ್ಲಿ ಮುಂದಿನ ಯಾವ ಬೀಟ್‌ಗಳಿಗೆ ಚೆಂಡು ಬರಲಿದೆ ಅನ್ನುವುದನ್ನು ಸ್ಥಿತಿ ಅನ್ನೋಣ. ಕ್ಯಾಸ್ಕೇಡ್‌ನಲ್ಲಿ ಅದು ಯಾವಾಗಲೂ ಮುಂದಿನ ಮೂರು ಬೀಟ್. 441, 531, 423 ಮೂರೂ ಆ ಸ್ಥಿತಿಯಿಂದ ಹೊರಟು ಅಲ್ಲಿಗೇ ಮರಳುತ್ತವೆ. ಹಾಗಾಗಿ 333441333 ಅಂತ ನಡುವೆ ತುರುಕಬಹುದು. 51 ಹಾಗಲ್ಲ. ಅದಕ್ಕೆ ಒಳಗೆ ಹೋಗಲು ಮೊದಲು ಒಂದು 4 ಎಸೆಯಬೇಕು, ಹೊರಗೆ ಬರಲು ಒಂದು 2. ಅಂದರೆ 3 3 3 4 51 51 51 2 3 3 3. ಶವರ್‌ಗೆ ಬದಲಾಯಿಸುವಾಗ ಎಲ್ಲ ಕಲಸಿಹೋಗುತ್ತದೆ ಅನ್ನುವವರಿಗೆ ಸಾಮಾನ್ಯವಾಗಿ ಈ ಒಂದು 4 ಕಾಣೆಯಾಗಿರುತ್ತದೆ. ಮೂರು ಚೆಂಡು, 5ರವರೆಗಿನ ಎಸೆತ ಅಂತ ಮಿತಿ ಹಾಕಿದರೆ ಇಂಥ ಸ್ಥಿತಿಗಳು ಬರೀ 10. ಅವನ್ನು ಚುಕ್ಕಿಗಳಾಗಿ ಇಟ್ಟು ಎಸೆತಗಳನ್ನು ಬಾಣಗಳಾಗಿ ಬರೆದರೆ, ಬಾಣ ಹಿಡಿದು ಹೊರಟಲ್ಲಿಗೇ ಮರಳುವ ಯಾವ ದಾರಿಯೂ ಒಂದು ವಿನ್ಯಾಸ. 1980ರ ದಶಕದ ಕೊನೆಗೆ ಈ ದಾರಿಯನ್ನು ಬೆಳೆಸಿದವರಲ್ಲಿ ಜ್ಯಾಕ್ ಬಾಯ್ಸ್ ಮುಖ್ಯರು. ಅವರದೇ ಜಗ್ಲಿಂಗ್ ಲ್ಯಾಬ್ ಎಂಬ ಉಚಿತ ತಂತ್ರಾಂಶಕ್ಕೆ ಅಂಕಿ ಕೊಟ್ಟರೆ ಪರದೆಯ ಮೇಲೆ ಎಸೆದು ತೋರಿಸುತ್ತದೆ. 432 ಕೊಟ್ಟರೆ ಒಪ್ಪುವುದಿಲ್ಲ.

ಎರಡು ಕೈ ಒಟ್ಟಿಗೇ ಎಸೆಯುವುದು, ಒಂದೇ ಕೈಯಿಂದ ಒಮ್ಮೆಗೇ ಎರಡು ಚೆಂಡು ಬಿಡುವುದು, ಇಬ್ಬರು ಪರಸ್ಪರ ಎಸೆಯುವುದು, ಇವಕ್ಕೆಲ್ಲ ಆವರಣ ಚಿಹ್ನೆ, ಅಕ್ಷರ ಸೇರಿಸಿದ ಬರವಣಿಗೆಗಳಿವೆ. ಅಂಕಿ 9 ದಾಟಿದರೆ ಇಂಗ್ಲಿಷ್ ಅಕ್ಷರ ಬಳಸುತ್ತಾರೆ. ತತ್ವ ಅದೇ, ಸೀಟಿನ ಜಗಳ ಆಗಬಾರದು.

ಇನ್ನು ಮಿಲ್ಸ್ ಮೆಸ್. ಸ್ಟೀವ್ ಮಿಲ್ಸ್ ಅವರ ಹೆಸರಿನಲ್ಲಿರುವ ಈ ಆಟದಲ್ಲಿ ತೋಳುಗಳು ಹೆಣೆದುಕೊಂಡು ಬಿಚ್ಚಿಕೊಳ್ಳುತ್ತವೆ, ಚೆಂಡುಗಳು ಈ ಪಕ್ಕದಿಂದ ಆ ಪಕ್ಕಕ್ಕೆ ಅಲೆಯ ಹಾಗೆ ಹೋಗುತ್ತವೆ. ನೋಡಲು ಕ್ಯಾಸ್ಕೇಡ್‌ಗೂ ಅದಕ್ಕೂ ಸಂಬಂಧವೇ ಇಲ್ಲ. ಆದರೆ ಎಸೆತದ ಸರದಿ ಮಾತ್ರ ನೋಡಿದರೆ ಬಲ, ಎಡ, ಬಲ, ಎಡ, ಎಲ್ಲವೂ 3. ಹಾಗಾಗಿ ಅದರ ಅಂಕಿಯೂ 333. ಕಾಲಿನ ಕೆಳಗಿಂದ, ಬೆನ್ನ ಹಿಂದಿಂದ ಎಸೆದರೂ ಅಷ್ಟೇ. ಸೈಟ್‌ಸ್ವಾಪ್ ದೇಹವನ್ನು ಪೂರ್ತಿ ಬಿಟ್ಟುಬಿಟ್ಟಿದೆ. ಎಸೆಯುವ ಜಾಗ, ತೋಳಿನ ದಾರಿ, ಒಳಗಿನಿಂದಲೋ ಹೊರಗಿನಿಂದಲೋ ಎಸೆದದ್ದು, ಎಸೆದದ್ದು ಚೆಂಡೋ ಕ್ಲಬ್ ಎಂಬ ದೊಣ್ಣೆಯೋ, ಯಾವುದೂ ಅದಕ್ಕೆ ಬೇಡ. ಇದನ್ನು ಕೊರತೆ ಅಂತ ಬೈಯುವವರಿದ್ದಾರೆ. ನಾನು ಒಪ್ಪುವುದಿಲ್ಲ. ಇಷ್ಟೆಲ್ಲ ಬಿಟ್ಟದ್ದರಿಂದಲೇ ಕೂಡಿಸಿ ಕಳೆಯಲು, ಎಣಿಸಲು, ಮೊದಲೇ ಪರೀಕ್ಷಿಸಲು ಬಂತು. ಆದರೆ ಅಂಕಿಯನ್ನೇ ಆಟ ಅಂದುಕೊಳ್ಳುವುದು ತಪ್ಪು. ಅಂಕಿಗಳ ಪಟ್ಟಿ ಸರದಿಗಳ ವಿಂಗಡಣೆ, ಆಟಗಳ ವಿಂಗಡಣೆ ಅಲ್ಲ. ಈಜಿಪ್ಟಿನ ಬೆನಿ ಹಸನ್‌ನ ಸಮಾಧಿಯೊಂದರಲ್ಲಿ ಸುಮಾರು 4000 ವರ್ಷ ಹಳೆಯ ಗೋಡೆ ಚಿತ್ರ ಇದೆ. ಹೆಂಗಸರು ಚೆಂಡು ಎಸೆಯುತ್ತಿದ್ದಾರೆ, ಒಬ್ಬಳ ತೋಳುಗಳು ಅಡ್ಡ ಹೆಣೆದಿವೆ. ಆ ಚಿತ್ರ ತೋಳುಗಳನ್ನು ಹೇಳುತ್ತದೆ, ಸರದಿಯನ್ನು ಹೇಳುವುದಿಲ್ಲ. ನಮ್ಮ ಅಂಕಿಗಳದ್ದು ಸರಿಯಾಗಿ ತಿರುವುಮುರುವು.

ಹಾಗಾಗಿ ನಿಮ್ಮದೇ ಆಟ ಬರೆದಿಡುವಾಗ ಅಂಕಿಯ ಕೆಳಗೆ ತೋಳಿನ ಟಿಪ್ಪಣಿ ಇನ್ನೊಂದು ಸಾಲಿನಲ್ಲಿ ಇರಲಿ. ತೋಳಿನ ದಾರಿ ಬರೆಯಲು ಎಲ್ಲರೂ ಒಪ್ಪಿದ ಒಂದೇ ಪದ್ಧತಿ ಇಲ್ಲ. ನಿಮಗೆ ಅರ್ಥವಾದರೆ ಸಾಕು. ರೂಬೆನ್‌ಸ್ಟೀನ್ಸ್ ರಿವೆಂಜ್ ಎಂಬ ಆಟಕ್ಕೆ ಎರಡೂ ಸಾಲು ಬೇಕೇ ಬೇಕು: ಅಂಕಿ 52233, ಅದರ ಮೇಲೆ ಮಿಲ್ಸ್ ಮೆಸ್ ಥರದ ತೋಳಿನ ಹೆಣಿಗೆ.

ಕೊನೆಯದಾಗಿ ಐದು ಚೆಂಡು. ಇಲ್ಲಿ ಅಂಕಿಗಳ ಉಪಯೋಗ ಬಹಳ ದೊಡ್ಡದು, ಯಾಕೆಂದರೆ ಐದು ಚೆಂಡಿನ 5 ಎಸೆತವನ್ನು ಐದು ಚೆಂಡಿಲ್ಲದೆಯೇ ಅಭ್ಯಾಸ ಮಾಡಬಹುದು. ಮೂರು ಚೆಂಡಿನಲ್ಲಿ 55500 ಮಾಡಿ: ಮೂರು ಎಸೆತ ಎತ್ತರಕ್ಕೆ, ಆಮೇಲೆ ಎರಡು ಕೈಯೂ ಒಂದೊಂದು ಸರದಿ ಖಾಲಿ. ಅದು ಸಲೀಸಾದರೆ ನಾಲ್ಕು ಚೆಂಡಿನಲ್ಲಿ 552, ಇಲ್ಲಿ 2 ಬಂದಾಗ ಉಸಿರಾಡಲು ಸಮಯ ಸಿಗುತ್ತದೆ. ಆಮೇಲೆ 5551. ಅದರಲ್ಲಿ 1 ಅವಸರದ ಎಸೆತ, ತುಸು ಒರಟು, ಇಷ್ಟವಾಗದಿದ್ದರೆ ಬಿಡಿ. ಬಿಡಬಾರದ್ದು 55550. ನಾಲ್ಕೇ ಚೆಂಡು, ಆದರೆ ಎತ್ತರ, ವೇಗ, ಅಡ್ಡ ದಾಟುವ ದಾರಿ ಎಲ್ಲ ಐದರದ್ದೇ. ಐದನೇ ಚೆಂಡು ಬರಬೇಕಾದ ಜಾಗದಲ್ಲಿ ಒಂದು ಖಾಲಿ ಸರದಿ. ಆ ಖಾಲಿ ಒಮ್ಮೆ ಬಲಗೈಯಲ್ಲಿ, ಮುಂದಿನ ಸುತ್ತಿನಲ್ಲಿ ಎಡಗೈಯಲ್ಲಿ ಬರುತ್ತಿರಬೇಕು. ಯಾವಾಗಲೂ ಒಂದೇ ಕೈಯಲ್ಲಿ ಬರುತ್ತಿದ್ದರೆ ನೀವು ಆಡುತ್ತಿರುವುದು 55550 ಅಲ್ಲ, ಎಲ್ಲೋ ಒಂದು ಬೀಟ್ ತಿಂದಿದ್ದೀರಿ.